ಈ ದಡದ ಗುಂಡಿ

ಊರಿಗೆ ಬೋರ್‌ವೆಲ್ ಲಾರಿ ಬರಲು ಶುರುವಾದ ಮೇಲೆ ಉಮ್ಮರ್ ಬ್ಯಾರಿಯನ್ನು ಬಾವಿ ತೋಡಲು ಕರೆಯುವವರು ಕಡಿಮೆಯಾದರು. ಮೊದಲು ವರ್ಷಕ್ಕೆ ಎಂಟು ಹತ್ತು ಬಾವಿ ಇರುತ್ತಿತ್ತು. ಆಮೇಲೆ ಎರಡಾಯಿತು. ಆಮೇಲೆ ಹಳೆಯ ಬಾವಿಗಳ ಕೆಸರು ತೆಗೆಯುವ ಕೆಲಸ ಮಾತ್ರ, ಕೊನೆಗೆ ಅದೂ ಇಲ್ಲ. ಬೆಳಗಿನ ನಮಾಜು ಮುಗಿಸಿ ಜಗಲಿಯಲ್ಲಿ ಕೂತರೆ ಊಟದ ಹೊತ್ತಿನವರೆಗೂ ಅವನು ಅಲ್ಲೇ ಕೂತಿರುತ್ತಿದ್ದ. ಒಳಗೆ ಅಕ್ಕಿ ಆರಿಸುತ್ತ ಹೆಂಡತಿ ಬೀಯಮ್ಮ ಅವನ ಬೆನ್ನು ನೋಡುತ್ತಿದ್ದಳು. ದುಡಿದು ಬಂದ ಆ ಬೆನ್ನಿಗೆ ಮೂವತ್ತು ವರ್ಷ ಎಣ್ಣೆ ತಿಕ್ಕಿದವಳು ಅವಳು. ಸುಮ್ಮನೆ ಕೂತ ಬೆನ್ನನ್ನು ನೋಡುವುದು ಅವಳಿಗೆ ಹೊಸತು.

ಹೀಗೆ ಆರು ವರ್ಷ ಕಳೆದ ಮೇಲೆ, ಎರಡು ಸಾವಿರದ ನಾಲ್ಕನೇ ಇಸವಿಯ ಮಾರ್ಚಿನಲ್ಲಿ, ರಮಾನಾಥ ಉಮ್ಮರನ ಅಂಗಳಕ್ಕೆ ಬಂದ. ಸಿದ್ಧಕಟ್ಟೆಯ ಕಡೆಯ ದೊಡ್ಡ ಮನೆಯವನು. ಪುಂಜಾಲಕಟ್ಟೆಯಲ್ಲಿ ಒಂದು ಹೋಟೆಲು ಇತ್ತು, ಈಚೆಗೆ ಕಂತ್ರಾಟು ಹಿಡಿಯಲು ಶುರು ಮಾಡಿದ್ದ.

"ಬ್ಯಾರಿ, ಒಂದು ಗುಂಡಿ ಉಂಟು. ನಿಮ್ಮ ಬಾವಿಯಷ್ಟೇ ಆಳ. ಅಗಲ ಮಾತ್ರ ಎರಡು ಕೋಣೆಯಷ್ಟು."

"ಅಷ್ಟು ಅಗಲದ ಬಾವಿಯಿಂದ ನೀರು ಸೇದುವುದು ಯಾರು ಧಣಿಗಳೇ, ಆನೆಯಾ?"

"ಸೇತುವೆ ಮಾರಾಯ್ರೇ, ಸೇತುವೆ! ನಿಮ್ಮ ಮನೆಯ ಕೆಳಗೇ ಬರ್ತದೆ. ಈ ದಡಕ್ಕೊಂದು ಗುಂಡಿ, ಆ ದಡಕ್ಕೊಂದು. ಪತ್ತನಾಜೆಯ ಒಳಗೆ, ಮೇ ಮುಗಿಯುವ ಮೊದಲು, ಎರಡರ ಅಡಿಪಾಯವೂ ಏಳಬೇಕು. ಮಳೆ ಬಂದು ಹೊಳೆ ತುಂಬಿದರೆ ಒಂದು ವರ್ಷ ಹೋಯಿತು."

ಉಮ್ಮರ್ ಎದ್ದು ನಿಂತ. ಹಟ್ಟಿಯ ಮೂಲೆಯಲ್ಲಿದ್ದ, ಬಾವಿ ಅಗೆಯುವ ಪಿಕ್ಕಾಸನ್ನು ತಂದು, ಅದರ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಅವನಿಗೆ ಐವತ್ತೆಂಟು ವರ್ಷ. ಬೀಯಮ್ಮ ಆ ದಿನ ಮಧ್ಯಾಹ್ನ ಬಂಗುಡೆ ಸಾರಿಗೆ ಒಂದು ಹಿಡಿ ತೆಂಗಿನಕಾಯಿ ಹೆಚ್ಚೇ ಹಾಕಿದಳು.

ರಮಾನಾಥನಿಗೆ ಇಲ್ಲ ಎನ್ನುವುದು ಆ ಮನೆಯಲ್ಲಿ ಸಾಧ್ಯವೂ ಇರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ, ಹೊಳೆ ಉಕ್ಕಿ ದಾರಿಯೇ ಕಾಣದ ದಿನ, ಹೆರಿಗೆ ನೋವು ತಿನ್ನುತ್ತಿದ್ದ ಬೀಯಮ್ಮನನ್ನು ತನ್ನ ಮನೆಯ ಜೀಪಿನಲ್ಲಿ ಮೂಡುಬಿದಿರೆಯ ಆಸ್ಪತ್ರೆಗೆ ಮುಟ್ಟಿಸಿದವನು ಅವನೇ. ಅಂದು ಹುಟ್ಟಿದವನು ಅಶ್ರಫ್. ಅಶ್ರಫ್ ಐದು ವರ್ಷ ದುಬೈಯಲ್ಲಿ ಕಟ್ಟಡದ ಕಂಪೆನಿಯಲ್ಲಿದ್ದು, ವೀಸಾ ಮುಗಿದು ಕೈ ಬೀಸಿಕೊಂಡು ಬಂದಿದ್ದ. ಈಗ ಅವನಿಗೂ ಇದೇ ಸೇತುವೆಯ ಸೂಪರ್‌ವೈಸರ್ ಕೆಲಸ ಕೊಟ್ಟವನು ರಮಾನಾಥನೇ.

ಗುಂಡಿಯ ಕೆಲಸಕ್ಕೆ ಹನ್ನೆರಡು ಜನ ಬರುತ್ತಿದ್ದರು. ಅಗೆಯುವವರು ಗಂಡಸರು, ಮಣ್ಣು ಹೊರುವವರು ಹೆಂಗಸರು. ಅವರಿಗೆ ಕುಡಿಯುವ ನೀರು, ಚಹಾ ಬೀಯಮ್ಮನ ಅಡುಗೆಮನೆಯಿಂದಲೇ ಹೋಗುತ್ತಿತ್ತು. ಒಯ್ಯಲು ಬರುವವಳು ಕಾಂತಿ. ಗದ್ದೆಯ ಆಚೆ ತಾಯಿಯ ಜೊತೆ ಇದ್ದವಳು. ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ.

"ಬೀಡಿ ಕಟ್ಟಿ ಕಟ್ಟಿ ಬೆನ್ನು ಬಗ್ಗಿತ್ತು ಬೀಯಮ್ಮಕ್ಕ. ಇಲ್ಲಿ ಹೊರೆ ಹೊತ್ತಾದರೂ ನೇರ ಆಗ್ಲಿ ಅಂತ ಬಂದೆ," ಎನ್ನುತ್ತಿದ್ದಳು. ಚಹಾ ಕುದಿಯುವವರೆಗೆ ಹೊಸ್ತಿಲಲ್ಲಿ ಕೂತು, ಕೇಳದಿದ್ದರೂ ಬೀಯಮ್ಮನ ಈರುಳ್ಳಿ ಸುಲಿದು ಕೊಡುತ್ತಿದ್ದಳು.

ಮೊದಲ ವಾರದಲ್ಲೇ ಅಶ್ರಫ್ ಹಠ ಮಾಡಿ ಹನ್ನೆರಡು ಹೆಲ್ಮೆಟ್ ತರಿಸಿದ. ಕಾಂತಿ ತಲೆಯ ಮೇಲಿನ ಸಿಂಬೆಯನ್ನು ತೋರಿಸಿ ಕೇಳಿದಳು:

"ಅಶ್ರಫಣ್ಣ, ಇದರ ಮೇಲೆ ಟೊಪ್ಪಿಯಾ, ಟೊಪ್ಪಿಯ ಮೇಲೆ ಇದಾ? ಬುಟ್ಟಿ ಎಲ್ಲಿ ಇಡುವುದು, ನಿಮ್ಮ ತಲೆಯ ಮೇಲೆಯಾ?"

ಎಲ್ಲರೂ ನಕ್ಕರು. ಅಶ್ರಫನಿಗೂ ನಗು ಬಂತು. ತಲೆಹೊರೆ ಹೊರುವ ಹೆಂಗಸರನ್ನು ಯೋಚಿಸಿ ಆ ಹೆಲ್ಮೆಟನ್ನು ಯಾರೂ ಮಾಡಿರಲಿಲ್ಲ. ಗಂಡಸರು ಸೆಕೆ ಎಂದು ತೆಗೆದಿಟ್ಟರು. ರಮಾನಾಥ ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿಸಿ ಶೆಡ್ಡಿನಲ್ಲಿ ಇರಿಸಿದ. "ಇರಲಿ. ಇಂಜಿನಿಯರ್ ಬರುವಾಗ ಹಾಕುವ."

ಅಶ್ರಫನ ಮನಸ್ಸಿನಲ್ಲಿದ್ದದ್ದು ಹೆಲ್ಮೆಟ್ ಅಲ್ಲ, ಗುಂಡಿಯ ಗೋಡೆ. ಹತ್ತು ಅಡಿ ದಾಟಿದ ಮೇಲೆ ಅವನು ದಿನಾ ರಮಾನಾಥನ ಹಿಂದೆ ಬಿದ್ದ. ಗೋಡೆಗೆ ಹಲಗೆ ಒತ್ತಿ, ಈ ಗೋಡೆಯಿಂದ ಆ ಗೋಡೆಗೆ ಅಡ್ಡ ಮರ ಕೊಡಬೇಕು. ನಕ್ಷೆಯಲ್ಲೇ ಅದು ಉಂಟು. ಬಾಯಲ್ಲಿ ಹೇಳಿ ಸಾಕಾದ ಮೇಲೆ ಒಂದು ಚೀಟಿಯಲ್ಲಿ ಬರೆದು, ತಾರೀಕು ಹಾಕಿ ಕೊಟ್ಟ.

"ಚೀಟಿ ಯಾಕೆ ಮಾರಾಯ, ನಾವೇನು ಬೇರೆ ಬೇರೆಯಾ?" ರಮಾನಾಥನಿಗೆ ನಿಜವಾಗಿಯೂ ಬೇಸರವಾಗಿತ್ತು. ಇದ್ದ ಹಲಗೆಯೆಲ್ಲ ಬೆಳ್ತಂಗಡಿಯ ಒಂದು ಕಟ್ಟಡದ ತಾರಸಿಯ ಕೆಳಗೆ ಸಿಕ್ಕಿಕೊಂಡಿತ್ತು. ಕಾಂಕ್ರೀಟ್ ಒಣಗುವವರೆಗೆ ಬಿಚ್ಚುವಂತಿಲ್ಲ. ಬೇರೆ ತರಿಸಲು ಎರಡು ವಾರ. ಅವನಿಗೂ ಮೇಲೊಬ್ಬ ದೊಡ್ಡ ಕಂತ್ರಾಟುದಾರನಿದ್ದ. ಪರವೂರಿನಲ್ಲಿ ಕೂತು ದಿನಕ್ಕೆರಡು ಸಲ ಫೋನು ಮಾಡಿ ಎಷ್ಟು ಅಡಿ ಆಯಿತು ಎಂದಷ್ಟೇ ಕೇಳುತ್ತಿದ್ದ.

ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಮಗನ ನಡುವೆ ಅದೇ ಮಾತು.

"ಉಪ್ಪ, ದುಬೈಯಲ್ಲಿ ಐದು ಅಡಿಗಿಂತ ಕೆಳಗೆ ಹೋದರೆ ಹಲಗೆ ಇಲ್ಲದೆ ಒಬ್ಬನನ್ನೂ ಇಳಿಸುವುದಿಲ್ಲ."

"ಅದು ಹೊಯಿಗೆಯ ದೇಶ, ಬರೀ ಮರಳು. ಇದು ಮುರಕಲ್ಲು, ಕೆಂಪು ಬಂಡೆ. ತೋಡಾರಿನಲ್ಲಿ ನಿನ್ನ ಅಜ್ಜ ತೋಡಿದ ಬಾವಿ ನೋಡು. ಐವತ್ತು ಅಡಿ, ಒಂದು ಕಲ್ಲು ಕಟ್ಟಿಲ್ಲ. ಇವತ್ತಿಗೂ ಅವನ ಪಿಕ್ಕಾಸಿನ ಗೆರೆ ಕಾಣ್ತದೆ. ನಾನು ಇನ್ನೂರು ಬಾವಿ ಇಳಿದವನು. ಒಂದು ಬುಟ್ಟಿ ಮಣ್ಣು ನನ್ನ ಮೈ ಮೇಲೆ ಬೀಳಲಿಲ್ಲ."

"ಬಾವಿ ದುಂಡಗೆ ಇರ್ತದೆ ಉಪ್ಪ. ಇದು ಚೌಕ. ಹೊಳೆಯೂ ಪಕ್ಕದಲ್ಲೇ ಉಂಟು."

"ಹೌದು ಮಾರಾಯ, ದುಬೈಗೆ ಹೋದವನಿಗೆ ದುಂಡಗೆ ಯಾವುದು, ಚೌಕ ಯಾವುದು ಅಂತ ಗೊತ್ತಾಗ್ತದೆ. ನಮಗೆಲ್ಲಿ?"

ಬೀಯಮ್ಮ ಇಬ್ಬರ ಬಟ್ಟಲಿಗೂ ಗಂಜಿ ಬಡಿಸಿ ಮಾತು ಬದಲಿಸಿದಳು.

ಮೇ ತಿಂಗಳ ಮೊದಲ ವಾರ ಇಂಜಿನಿಯರು ಬಂದ. ಬಯಲುಸೀಮೆಯ ಹುಡುಗ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಅಂದು ಎಲ್ಲರ ತಲೆಯ ಮೇಲೂ ಹೆಲ್ಮೆಟ್ ಇತ್ತು. ಹೊರೆ ಹೊರುವ ಹೆಂಗಸರನ್ನು ಮಾತ್ರ ರಮಾನಾಥ ಬೀಯಮ್ಮನ ಅಂಗಳದಲ್ಲಿ ಕೂರಿಸಿದ್ದ. ಇಂಜಿನಿಯರು ನಕ್ಷೆ ಬಿಡಿಸಿ, ಗುಂಡಿಯ ಅಂಚಿನಿಂದ ಎರಡು ಹೆಜ್ಜೆ ಹಿಂದೆ ನಿಂತು ಕೇಳಿದ:

"ಇಲ್ಲಿ ಶೋರಿಂಗ್ ತೋರಿಸಿದೆಯಲ್ಲ, ಹಲಗೆ ಎಲ್ಲಿ?"

"ನಮ್ಮ ಮಣ್ಣಿನ ವಿಷಯ ನಿಮಗೆ ಗೊತ್ತಿಲ್ಲ ಸರ್," ಎಂದ ರಮಾನಾಥ. "ಈ ಬ್ಯಾರಿಯನ್ನು ಕೇಳಿ. ಮೂರು ತಾಲೂಕಿನಲ್ಲಿ ಇವರು ಇಳಿಯದ ಬಾವಿ ಇಲ್ಲ. ಇವರು ನಿಲ್ತದೆ ಅಂದರೆ ನಿಲ್ತದೆ."

ಸುತ್ತ ನಿಂತವರೆಲ್ಲರ ಕಣ್ಣು ಉಮ್ಮರನ ಮೇಲೆ ಬಿತ್ತು. ಅವನು ಮಣ್ಣಿನ ಮೆಟ್ಟಿಲಲ್ಲಿ ಕೆಳಗಿಳಿದು, ಗೋಡೆಗೆ ಅಂಗೈ ಒತ್ತಿ, ಒಂದು ಚೂರು ಮಣ್ಣು ಉಜ್ಜಿ ಮೂಸಿದ. ಮೇಲೆ ಅಂಗಳದಲ್ಲಿ ನಿಂತಿದ್ದ ಬೀಯಮ್ಮನಿಗೆ ಗಂಡ ಹತ್ತು ವರ್ಷ ಚಿಕ್ಕವನಾದಂತೆ ಕಂಡಿತು.

"ನಿಲ್ತದೆ," ಎಂದ ಉಮ್ಮರ್.

ಇಂಜಿನಿಯರಿನ ಮುಖ ಸಡಿಲವಾಯಿತು. ಅವನು ಪುಸ್ತಕದಲ್ಲಿ ಏನೋ ಬರೆದುಕೊಂಡ. ಅಷ್ಟು ಜನರ ಮುಂದೆ ತಂದೆಯ ಮಾತನ್ನು ಅಲ್ಲವೆನ್ನಲು ಅಶ್ರಫನಿಂದ ಆಗಲಿಲ್ಲ.

ಹದಿನೆಂಟು ಅಡಿಯ ಕೆಳಗೆ ಮಣ್ಣಿನ ಬಣ್ಣ ಬದಲಾಯಿತು. ಬುಧವಾರ ಊಟ ಮುಗಿಸಿ, ಅಶ್ರಫ್ ಕೆಲಸಕ್ಕೆ ಮರಳಿದ ಮೇಲೆಯೂ ಉಮ್ಮರ್ ಏಳದೆ ಕೂತಿದ್ದ. ಪಾತ್ರೆ ತೊಳೆಯುತ್ತಿದ್ದ ಬೀಯಮ್ಮ ಕೈ ಒರೆಸಿಕೊಂಡು ಬಂದಳು.

"ಏನು? ಮೈಗೆ ಸರಿ ಇಲ್ವಾ?"

"ಹೊಳೆಯ ಬದಿಯ ಗೋಡೆಯಲ್ಲಿ ಶೇಡಿ ಮಣ್ಣು ಬಂತು," ಎಂದ ಅವನು ತಗ್ಗಿದ ದನಿಯಲ್ಲಿ. "ಬಿಳಿ. ಬೆಣ್ಣೆಯ ಹಾಗೆ. ಬೆವರ್ತಾ ಉಂಟು."

ಬಾವಿ ತೋಡುವವನ ಹೆಂಡತಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಲಿನ ಮುರಕಲ್ಲು ಎಷ್ಟು ಗಟ್ಟಿಯಾಗಿದ್ದರೂ, ಅಡಿಯ ಶೇಡಿ ನೀರು ಕುಡಿದರೆ ಜಾರುತ್ತದೆ. ಬಾವಿಯಲ್ಲಿ ಶೇಡಿ ಬಂದರೆ ಉಮ್ಮರ್ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ, ಕಲ್ಲು ಕಟ್ಟಿಸಿಯೇ ಮುಂದೆ ಹೋಗುತ್ತಿದ್ದ.

"ಅಶ್ರಫನಿಗೆ ಹೇಳಿ. ರಮಾನಾಥನಿಗೆ ಹೇಳಿ."

"ಏನಂತ ಹೇಳುವುದು? ಅಷ್ಟು ಜನರ ಮುಂದೆ ನಿಲ್ತದೆ ಅಂದವನು ಈಗ ನಿಲ್ಲುವುದಿಲ್ಲ ಅಂತ ಹೇಳುವುದಾ? ಮಗ ನಗ್ತಾನೆ."

"ಅವನು ನಗುವವನಲ್ಲ."

"ಆ ದಡದ ಗುಂಡಿಗೆ ಯಾರು ಕರೀತಾರೆ ಮತ್ತೆ ನನ್ನನ್ನು?" ಎಂದ ಉಮ್ಮರ್. ಮತ್ತೆ ತಾನೇ ಸೇರಿಸಿದ, "ಎರಡು ದಿನ. ಶುಕ್ರವಾರ ಅಡಿಗೆ ಕಾಂಕ್ರೀಟ್ ಬೀಳ್ತದೆ. ಅಲ್ಲಿಯವರೆಗೆ ಆ ಬದಿಯಲ್ಲಿ ನಾನೇ ನಿಲ್ತೇನೆ. ಬೇರೆ ಯಾರನ್ನೂ ಬಿಡುವುದಿಲ್ಲ. ನೀನು ಅಶ್ರಫನಿಗೆ ಹೇಳಬೇಡ."

ಮತ್ತೆ ಆ ಜಗಲಿ, ಮತ್ತೆ ಆ ಸುಮ್ಮನೆ ಕೂತ ಬೆನ್ನು. ಬೀಯಮ್ಮನಿಗೆ ಅದು ಕಣ್ಣಿಗೆ ಕಟ್ಟಿತು. ಅವಳು ಹೇಳಲಿಲ್ಲ. ಆ ಸಂಜೆ ಒಂದು ಮಳೆ ಬಂತು. ಗುರುವಾರ ಬೆಳಿಗ್ಗೆ ಅಶ್ರಫನಿಗೆ ಚಹಾ ಕೊಡುವಾಗ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಅವಸರದಲ್ಲಿದ್ದ, ಚಹಾವನ್ನು ನಿಂತೇ ಕುಡಿದು ಹೋದ. ಸಂಜೆ ಹೇಳುವ ಎಂದುಕೊಂಡಳು. ಸಂಜೆ ಉಮ್ಮರ್ ಎದುರಿಗೇ ಇದ್ದ.

ಶುಕ್ರವಾರ ಹನ್ನೆರಡಕ್ಕೆ ಅಪ್ಪ ಮಗ ಇಬ್ಬರೂ ಸ್ನಾನ ಮಾಡಿ, ಬಿಳಿ ಬಟ್ಟೆ ತೊಟ್ಟು ಜುಮಾಕ್ಕೆ ಹೋದರು. ಕೆಲಸದ ಗಂಡಸರಲ್ಲಿ ಇನ್ನೂ ನಾಲ್ವರು ಅವರ ಜೊತೆ ಹೊರಟರು. ಪಳ್ಳಿ ಎರಡು ಮೈಲು ದೂರ. ಮೊದಲೆಲ್ಲ ಶುಕ್ರವಾರ ಆ ಎರಡು ಗಂಟೆ ಗುಂಡಿಯ ಕೆಲಸ ನಿಲ್ಲುತ್ತಿತ್ತು. ಅಂದು ನಿಲ್ಲಲಿಲ್ಲ.

ಕಾಂತಿ ಕೊಡ ಹಿಡಿದು ನೀರಿಗೆ ಬಂದಳು.

"ಊಟಕ್ಕೆ ಬಿಡಲಿಲ್ವಾ?" ಬೀಯಮ್ಮ ಕೇಳಿದಳು.

"ಎಲ್ಲಿಯ ಊಟ! ಎರಡು ಗಂಟೆಗೆ ಕಾಂಕ್ರೀಟ್ ಲಾರಿ ಬರ್ತದಂತೆ. ಹೊಳೆಯ ಬದಿಯ ಅಡಿಯನ್ನು ಸಮ ಮಾಡಿ, ಮಣ್ಣು ತೆಗೆದು ಮುಗಿಸಬೇಕಂತೆ. ರಮಾನಾಥಣ್ಣ ಫೋನು ಹಿಡಿದು ಮೇಲೆ ಕೆಳಗೆ ಓಡ್ತಾ ಇದ್ದಾರೆ, ಮದುಮಗಳ ಅಪ್ಪನ ಹಾಗೆ."

ಬೀಯಮ್ಮನ ಕೈ ಕೊಡದ ಬಾಯಲ್ಲೇ ನಿಂತಿತು. "ನೀನು ಇಳಿಯಬೇಡ ಕಾಂತಿ. ಇವರು ಪಳ್ಳಿಯಿಂದ ಬರುವವರೆಗೆ ಇಳಿಯಬೇಡ."

"ಯಾಕೆ?"

ಹೇಳಿಬಿಡಬಹುದಿತ್ತು. ಗೋಡೆ ಬೆವರುತ್ತಿದೆ, ಬೀಳಬಹುದು, ಎರಡು ಮಾತು. ಹೇಳಿದರೆ ಕಾಂತಿ ಹೋಗಿ ಎಲ್ಲರಿಗೂ ಹೇಳುತ್ತಾಳೆ. ಉಮ್ಮರ್ ಬ್ಯಾರಿಗೆ ಮೊದಲೇ ಗೊತ್ತಿತ್ತಂತೆ ಎಂಬ ಮಾತು ಅವನು ಪಳ್ಳಿಯಿಂದ ಬರುವ ಮೊದಲೇ ಊರು ಸುತ್ತುತ್ತದೆ.

"ಸುಮ್ಮನೆ ಹೇಳಿದೆ. ಬಿಸಿಲು ಜೋರು ಉಂಟು."

"ಗುಂಡಿಯ ಒಳಗೆ ನೆರಳು ಬೀಯಮ್ಮಕ್ಕ!" ಕಾಂತಿ ನಕ್ಕಳು. "ನಾನು ಇಳಿಯದಿದ್ದರೆ ಮಣ್ಣು ತಾನೇ ಮೆಟ್ಟಿಲು ಹತ್ತಿ ಬರ್ತದಾ?" ಕೊಡವನ್ನು ಸೊಂಟಕ್ಕೇರಿಸಿ ಹೋದಳು.

ದೊಡ್ಡ ಸದ್ದೇನೂ ಆಗಲಿಲ್ಲ. ಅಕ್ಕಿಮುಡಿಯನ್ನು ನೆಲಕ್ಕೆ ಹಾಕಿದಂಥ ಸದ್ದು, ಅಷ್ಟೇ. ಬೀಯಮ್ಮ ಒಲೆಯ ಮುಂದಿನಿಂದ ಎದ್ದು ಓಡಿದಳು. ಹೊಳೆಯ ಬದಿಯ ಗೋಡೆ ಅಡಿಯಿಂದ ಜಾರಿ, ಮೇಲಿನ ಮುರಕಲ್ಲು ಇಡಿಯಾಗಿ ಅದರ ಮೇಲೆ ಕೂತಿತ್ತು. ಆ ಬದಿಯಲ್ಲಿ ಬುಟ್ಟಿ ತುಂಬುತ್ತಿದ್ದವಳು ಕಾಂತಿ ಒಬ್ಬಳೇ. ಉಳಿದವರು ಆಚೆ ಮೂಲೆಯಲ್ಲಿದ್ದು ಪಾರಾಗಿದ್ದರು.

ಪಿಕ್ಕಾಸು ಹಾಕುವಂತಿರಲಿಲ್ಲ, ಅವಳಿಗೆ ತಾಗಿದರೆ? ಕೈಯಲ್ಲೇ ಬಗೆದರು. ರಮಾನಾಥ ಪ್ಯಾಂಟು ಮಡಚದೆ ಇಳಿದು ಬಗೆದ. ಸುದ್ದಿ ಮುಟ್ಟಿ ಉಮ್ಮರ್ ಮತ್ತು ಅಶ್ರಫ್ ಬಿಳಿ ಬಟ್ಟೆಯಲ್ಲೇ ಓಡಿಬಂದು ಇಳಿದರು. ಉಮ್ಮರ್ ಯಾರ ಮುಖವನ್ನೂ ನೋಡದೆ ಎರಡು ಕೈಯಿಂದ ಬಗೆಯುತ್ತಲೇ ಇದ್ದ, ಉಗುರು ಎದ್ದು ರಕ್ತ ಬಂದರೂ ನಿಲ್ಲಿಸಲಿಲ್ಲ. ಸಂಜೆಯ ಅಸರ್ ಬಾಂಗಿನ ಹೊತ್ತಿಗೆ ಕಾಂತಿಯ ಕೈ ಸಿಕ್ಕಿತು. ಬೀಯಮ್ಮ ಗುಂಡಿಯ ಅಂಚಿನಲ್ಲಿ ಕುಸಿದು ಕೂತು ಎದೆ ಬಡಿದುಕೊಂಡಳು.

"ಇಳಿಯಬೇಡ ಅಂತ ಹೇಳಿದ್ದೆ! ನಾನು ಹೇಳಿದ್ದೆ ಅವಳಿಗೆ, ಇಳಿಯಬೇಡ ಅಂತ!"

ಸುತ್ತ ನೂರು ಜನ ಸೇರಿದ್ದರು. ಎಲ್ಲರೂ ಕೇಳಿದರು.

ಮರುದಿನ ಸಂಜೆ ರಮಾನಾಥ ಮನೆಗೆ ಬಂದ. ಅವನ ಕಣ್ಣೂ ಊದಿಕೊಂಡಿತ್ತು. ಕಾಂತಿಯ ದಹನಕ್ಕೆ ಕಟ್ಟಿಗೆ ಕಳಿಸಿದವನು, ಅಲ್ಲಿಯೇ ಕೂತು ಅತ್ತವನು. ಜಗಲಿಯಲ್ಲಿ ಕೂತು ಕಿಸೆಯಿಂದ ಒಂದು ಹಾಳೆ ತೆಗೆದು ಅಶ್ರಫನ ಕೈಗೆ ಕೊಟ್ಟ. ಪೊಲೀಸರಿಗೆ ಕೊಡಬೇಕಾದ ಸೂಪರ್‌ವೈಸರನ ಹೇಳಿಕೆ, ಬರೆದೇ ತಂದಿದ್ದ. ಅಶ್ರಫ್ ಓದಿದ: 'ಸದ್ರಿ ಕಾಂತಿ ಎಂಬವರಿಗೆ ಗುಂಡಿಗೆ ಇಳಿಯಬಾರದೆಂದು ಮುಂಚಿತವಾಗಿ ತಿಳಿಸಲಾಗಿದ್ದು, ಆಕೆಯು ಅದನ್ನು ಲಕ್ಷಿಸದೆ ಸ್ವಇಚ್ಛೆಯಿಂದ ಇಳಿದಿರುತ್ತಾರೆ.'

"ಯಾರು ತಿಳಿಸಿದ್ದು?"

"ನಿನ್ನ ಉಮ್ಮ. ಊರಿಡೀ ಕೇಳಿದೆ. ಸುಳ್ಳೇನೂ ಬರೆದಿಲ್ಲ ನಾನು."

ಅಶ್ರಫ್ ಬಾಗಿಲಿನತ್ತ ತಿರುಗಿದ. ಬೀಯಮ್ಮ ಅಲ್ಲೇ ನಿಂತಿದ್ದಳು.

"ಉಮ್ಮ, ನೀವು ಯಾಕೆ ಹಾಗೆ ಹೇಳಿದ್ದು ಅವಳಿಗೆ?"

ಅವಳು ತಲೆಯ ಮೇಲಿನ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ನಿಮಗೆ ಏನು ಗೊತ್ತಿತ್ತು?"

"ಶೇಡಿ ಬಂದಿತ್ತು ಮೋನೆ. ಬುಧವಾರ. ಉಪ್ಪ ಹೇಳಿದ್ದರು. ನಿನಗೆ ಹೇಳಬೇಡ ಅಂದರು. ನಾನು ಹೇಳಲಿಲ್ಲ."

ಒಳಗೆ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಉಮ್ಮರ್ ಅಲುಗಲಿಲ್ಲ. ಅವನ ಹತ್ತು ಬೆರಳಿಗೂ ಬೀಯಮ್ಮ ಅರಿಶಿನ ಹಚ್ಚಿ ಬಟ್ಟೆ ಸುತ್ತಿದ್ದಳು. ಅಶ್ರಫ್ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಮೊದಲಿನಿಂದ ಓದಿದ. ಅವನು ಕೂಗಾಡಿದ್ದರೆ ಬೀಯಮ್ಮನಿಗೆ ಸಹಿಸಲು ಸುಲಭವಾಗುತ್ತಿತ್ತು.

ರಮಾನಾಥ ದನಿ ತಗ್ಗಿಸಿದ. "ನಿನ್ನ ಚೀಟಿ ನನ್ನ ಹತ್ತಿರವೇ ಉಂಟು ಅಶ್ರಫ್. ಹರಿದು ಹಾಕಲಿಲ್ಲ. ಬೇಕಾದರೆ ಕೊಡ್ತೇನೆ, ಸ್ಟೇಷನ್ನಿಗೆ ತೆಗೆದುಕೊಂಡು ಹೋಗು. ನನಗೆ ಆಗುವುದು ಆಗಲಿ. ಆದರೆ ಇಂಜಿನಿಯರ್ ಪುಸ್ತಕದಲ್ಲಿ ಬರೆದಿದ್ದಾರೆ, ಸ್ಥಳೀಯ ಅನುಭವಸ್ಥರ ಅಭಿಪ್ರಾಯ ಪಡೆದು ಕೆಲಸ ಮುಂದುವರಿಸಿದೆ ಅಂತ. ನಿನ್ನ ಉಪ್ಪನ ಹೆಸರೂ ಉಂಟು. ಮೊದಲು ಕೇಳುವುದು ಅವರನ್ನೇ. ಈ ಪ್ರಾಯದಲ್ಲಿ ಅವರನ್ನು ಜೀಪು ಹತ್ತಿಸುವುದಾ?"

"ಆ ದಡದ ಗುಂಡಿ?" ಎಂದ ಅಶ್ರಫ್.

"ಏನು?"

"ಆ ದಡದ ಗುಂಡಿಗೆ ಹಲಗೆ ತರಿಸ್ತೀರಾ?"

"ಸೋಮವಾರ ಶುರು ಮಾಡಲೇಬೇಕು ಮಾರಾಯ. ಮೇಲಿನವನು ಬೆಳಿಗ್ಗೆಯೇ ಫೋನು ಮಾಡಿದ, ಎಷ್ಟು ದಿನ ನಿಲ್ತದೆ ಕೆಲಸ ಅಂತ. ಹಲಗೆ... ನೋಡುವ."

"ನೀವು ನೋಡುವುದಿಲ್ಲ ರಮಾನಾಥಣ್ಣ. ಇದಕ್ಕೆ ನಾನು ಸಹಿ ಹಾಕಿದರೆ ಗೋಡೆಯ ತಪ್ಪು ಏನೂ ಇಲ್ಲ ಅಂತ ಆಯ್ತು. ತಪ್ಪು ಅವಳದ್ದು. ಗೋಡೆಯ ತಪ್ಪಿಲ್ಲದಿದ್ದರೆ ಹಲಗೆ ಯಾಕೆ ಅಂತ ಮೇಲಿನವನು ಕೇಳ್ತಾನೆ. ನೀವೂ ಕೇಳ್ತೀರಿ."

ರಮಾನಾಥ ಅಂಗಳದತ್ತ ನೋಡಿದ.

ಹಾಳೆ ಅಶ್ರಫನ ತೊಡೆಯ ಮೇಲಿತ್ತು. ಅವನು ತಾಯಿಯ ಮುಖ ನೋಡಿದ. ಚಿಕ್ಕಂದಿನಲ್ಲಿ ಅಂಗಳದಲ್ಲಿ ಬಿದ್ದು ಮೊಣಕಾಲು ತರಚಿಕೊಂಡಾಗ ನೋಡುತ್ತಿದ್ದ ಹಾಗೆ, ಈಗ ಏನು ಮಾಡುವುದು ಎಂದು. ಅವನು ಒಬ್ಬನೇ ಸರಿಯಾದ ಮಾತು ಹೇಳಿದವನು, ಬರೆದು ಕೊಟ್ಟವನು. ಬೀಯಮ್ಮನಿಗೆ ಅದು ತಿಳಿದಿತ್ತು. ಅವಳು ಒಳಗಿನ ಚಾಪೆಯತ್ತ, ಬಟ್ಟೆ ಸುತ್ತಿದ ಆ ಬೆರಳುಗಳತ್ತ ನೋಡಿದಳು.

"ಹಾಕು ಮೋನೆ," ಎಂದಳು.

ಅವನು ಹಾಕಿದ. ರಮಾನಾಥ ಹಾಳೆಯನ್ನು ಮಡಚಿ ಕಿಸೆಗೆ ಸೇರಿಸಿ, ಬೀಯಮ್ಮ ಕೊಟ್ಟ ಚಹಾವನ್ನು ಕುಡಿಯದೆ ಹೋದ. ಆ ದಿನದ ಮೇಲೆ ಅಶ್ರಫ್ ಊಟಕ್ಕೆ ತಂದೆಯ ಪಕ್ಕ ಕೂರಲಿಲ್ಲ. ತಾಯಿ ಬಡಿಸಿದ್ದನ್ನು ತಿಂದ. ಇನ್ನೂ ಸ್ವಲ್ಪ ಹಾಕಲೇ ಎಂದರೆ ಬೇಡ ಎಂದ.

ಸೋಮವಾರ ಬೆಳಿಗ್ಗೆ ಆಚೆ ದಡದಲ್ಲಿ ಪಿಕ್ಕಾಸಿನ ಸದ್ದು ಶುರುವಾಯಿತು. ಬಾವಿ ತೋಡುವ ಇನ್ನೊಬ್ಬನನ್ನು ಬಂಟ್ವಾಳದ ಕಡೆಯಿಂದ ಕರೆಸಿದ್ದರು. ಅವನೂ ಹಳಬ, ಹಾಜಬ್ಬ ಎಂದು ಹೆಸರು. ಅಶ್ರಫ್ ಕೊಡೆ ಹಿಡಿದು ಅದೇ ಕೆಲಸಕ್ಕೆ ಹೋದ. ಲಾರಿಯಲ್ಲಿ ಕಬ್ಬಿಣ ಬಂತು, ಸಿಮೆಂಟು ಬಂತು. ಹಲಗೆ ಬರಲಿಲ್ಲ.

ಬೀಯಮ್ಮ ಅಡುಗೆ ಮುಗಿಸಿ ಗದ್ದೆ ದಾಟಿ ಕಾಂತಿಯ ಮನೆಗೆ ಹೋದಳು. ಮೂರು ದಿನದಿಂದ ಹೊರಟು ಹೊರಟು ನಿಂತಿದ್ದಳು. ಹೇಳಿಬಿಡಬೇಕು, ಆ ಮುದುಕಿಗಾದರೂ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ಕಾಂತಿಯ ತಾಯಿ ಚಾವಡಿಯಲ್ಲಿ ಕಾಲು ಚಾಚಿ ಕೂತಿದ್ದಳು. ಪಕ್ಕದ ಮೊರದಲ್ಲಿ ಕತ್ತರಿಸಿದ ಬೀಡಿ ಎಲೆ ಒಣಗುತ್ತಿತ್ತು.

"ಬನ್ನಿ ಬೀಯಮ್ಮ, ಕೂತುಕೊಳ್ಳಿ," ಎಂದಳು ಮುದುಕಿ. ಅತ್ತು ಅತ್ತು ಅವಳ ದನಿ ಒಡೆದಿತ್ತು. "ಪೊಲೀಸಿನವರು ಓದಿ ಹೇಳಿದರು. ನೀವು ಇಳಿಯಬೇಡ ಅಂತ ಹೇಳಿದ್ದಿರಂತೆ."

ಬೀಯಮ್ಮ ಬಾಯಿ ತೆರೆದಳು.

"ಹೌದಲ್ವಾ? ಹೇಳಿದ್ದು ಹೌದಲ್ವಾ ನೀವು?"

ತನ್ನ ಮನೆಯಲ್ಲಿ ಮಲಗಿದ್ದ ಉಮ್ಮರ್, ಸಹಿ ಹಾಕಿ ಕೊಟ್ಟ ಮಗ, ಇಬ್ಬರೂ ಅವಳ ಕಣ್ಣ ಮುಂದೆ ಬಂದರು.

"ಹೌದು. ಹೇಳಿದ್ದೆ."

"ನೋಡಿ ಮತ್ತೆ!" ಮುದುಕಿ ನೆಲಕ್ಕೆ ಅಂಗೈ ಬಡಿದಳು. "ಚಿಕ್ಕಂದಿನಿಂದ ಹಾಗೆಯೇ. ಬೇಡ ಅಂದದ್ದನ್ನೇ ಮಾಡುವುದು. ಕೆರೆಗೆ ಇಳಿಯಬೇಡ ಅಂದರೆ ಇಳಿಯುವುದು, ಮರ ಹತ್ತಬೇಡ ಅಂದರೆ ಹತ್ತುವುದು. ಎಷ್ಟು ಹೊಡೆದಿದ್ದೇನೆ ನಾನು! ನಿಮ್ಮಂಥವರು ಒಳ್ಳೆಯದಕ್ಕೆ ಹೇಳಿದರೂ ಕೇಳಲಿಲ್ಲ ನೋಡಿ, ಹಠಮಾರಿ. ಒಂದು ಮಾತು ಕೇಳಿದ್ದರೆ ಇವತ್ತು ಇಲ್ಲಿ ಕೂತು ಎಲೆ ಕತ್ತರಿಸುತ್ತಿದ್ದಳು."

ಅವಳು ಸತ್ತ ಮಗಳನ್ನು ಬೈಯುತ್ತಲೇ ಇದ್ದಳು. ಬೀಯಮ್ಮ ಅವಳ ಕೈ ಹಿಡಿದುಕೊಂಡು, ಹೌದು, ಹೌದು ಎಂದು ತಲೆಯಾಡಿಸುತ್ತ ಕೂತಳು.